ಮಕ್ಕಳ ಕಲಿಕೆಯ ವೆಬ್‌ಸೈಟ್: ತರಗತಿಗೆ ತರುವ ಮುನ್ನ ಪರೀಕ್ಷಿಸುವುದು ಹೇಗೆ?

"ಮಕ್ಕಳಿಗಾಗಿ ಅದ್ಭುತ ವೆಬ್‌ಸೈಟ್! ಗಣಿತ, ವಿಜ್ಞಾನ, ಕತೆ, ಆಟ ಎಲ್ಲವೂ ಉಚಿತ. ನಿಮ್ಮ ಶಾಲೆಯ ಗುಂಪಿಗೂ ಕಳುಹಿಸಿ."

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಶಿಕ್ಷಕರ ಮತ್ತು ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಓಡಾಡುತ್ತವೆ. ಕಳುಹಿಸುವವರ ಉದ್ದೇಶ ಒಳ್ಳೆಯದೇ. ಲಿಂಕ್ ಒತ್ತಿದರೆ ಬಣ್ಣಬಣ್ಣದ ಚಿತ್ರಗಳು, ನಗುವ ಸೂರ್ಯ, ಕುಣಿಯುವ ಅಕ್ಷರಗಳು ಕಾಣುತ್ತವೆ. ಚೆನ್ನಾಗಿದೆ ಅನಿಸಿ ನಾವೂ ಮುಂದಕ್ಕೆ ಕಳುಹಿಸುತ್ತೇವೆ.

ಆದರೆ ಒಂದು ವ್ಯತ್ಯಾಸವಿದೆ. ಮನೆಯಲ್ಲಿ ಒಂದು ಮಗು ತಪ್ಪು ಓದಿದರೆ ಆ ತಪ್ಪು ಆ ಮನೆಯಲ್ಲೇ ಉಳಿದೀತು. ಅದೇ ಪುಟವನ್ನು ಟೀಚರ್ ಪ್ರೊಜೆಕ್ಟರ್‌ನಲ್ಲಿ ತೋರಿಸಿದರೆ ನಲವತ್ತು ಮಕ್ಕಳು "ಟೀಚರ್ ಹೇಳಿದ್ದು" ಎಂದು ನಂಬುತ್ತಾರೆ. ಆಮೇಲೆ ಅದನ್ನು ಅಳಿಸುವುದು ಸುಲಭವಲ್ಲ.

ಹಾಗಾದರೆ ಒಂದು ವೆಬ್‌ಸೈಟ್ ತರಗತಿಗೆ ಯೋಗ್ಯವೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಕಂಪ್ಯೂಟರ್ ಪಾಂಡಿತ್ಯ ಬೇಡ. ಒಂದು ಫೋನ್ ಮತ್ತು ಅರ್ಧ ಗಂಟೆ ಸಾಕು.

ಚುಟುಕಾಗಿ

• ವೆಬ್‌ಸೈಟ್ ಒಳಗೇ ಕುಳಿತು ಅದನ್ನು ಅಳೆಯಬೇಡಿ. ಹೊರಗೆ ಬಂದು, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ನೋಡಿ.
• ನಿಮಗೆ ಉತ್ತರ ಚೆನ್ನಾಗಿ ಗೊತ್ತಿರುವ ಮೂರು ವಿಷಯಗಳನ್ನು ಅದರಲ್ಲಿ ಹುಡುಕಿ.
• ಮಗುವಿನ ಜಾಗದಲ್ಲಿ ಕುಳಿತು ಬಳಸಿ ನೋಡಿ. ಬೇಕೆಂದೇ ತಪ್ಪು ಉತ್ತರ ಕೊಡಿ.
• ಅದು ಮಕ್ಕಳಿಂದ ಏನೇನು ಮಾಹಿತಿ ಕೇಳುತ್ತದೆ ಎಂದು ಗಮನಿಸಿ.

ಮರ ಹತ್ತುವ ಆಕ್ಟೋಪಸ್

ಮೊದಲು ಒಂದು ನಿಜ ಪ್ರಸಂಗ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದ ಮಳೆಕಾಡುಗಳಲ್ಲಿ ಮರದ ಮೇಲೆ ಬದುಕುವ ಆಕ್ಟೋಪಸ್ ಇದೆ, ಅದು ಅಳಿವಿನ ಅಂಚಿನಲ್ಲಿದೆ, ಅದನ್ನು ಉಳಿಸಿ ಎಂದು ಹೇಳುವ ಒಂದು ವೆಬ್‌ಸೈಟ್ 1998ರಲ್ಲಿ ಹುಟ್ಟಿತು. ಅದರಲ್ಲಿ ವೈಜ್ಞಾನಿಕ ಹೆಸರಿದೆ, ಕೊಂಬೆಯ ಮೇಲೆ ಕುಳಿತ ಆಕ್ಟೋಪಸ್‌ನ ಚಿತ್ರಗಳಿವೆ, ಜೀವನಕ್ರಮದ ವಿವರಣೆಯಿದೆ, ಬೇರೆ ಪುಟಗಳಿಗೆ ಕೊಂಡಿಗಳಿವೆ. ಎಲ್ಲವೂ ಕಟ್ಟುಕತೆ! ಆಕ್ಟೋಪಸ್ ಉಸಿರಾಡುವುದು ಕಿವಿರುಗಳಿಂದ, ಅದಕ್ಕೆ ನೀರು ಬೇಕೇ ಬೇಕು. ಇಷ್ಟು ಸಾಲದೆಂಬಂತೆ, ಈ ಪ್ರಾಣಿಯನ್ನು ಬೇಟೆಯಾಡುವುದು ಸ್ಯಾಸ್‌ಕ್ವಾಚ್ ಎಂದು ಆ ಪುಟ ಹೇಳುತ್ತದೆ. ಸ್ಯಾಸ್‌ಕ್ವಾಚ್ ಎಂದರೆ ಅಲ್ಲಿನ ಜನರ ಕತೆಗಳಲ್ಲಿ ಬರುವ ಮೈತುಂಬ ಕೂದಲಿನ ಕಾಡುಮನುಷ್ಯ.

ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲೂ ಮತ್ತು ಸಂಗಡಿಗರು 2006ರ ಸುಮಾರಿಗೆ ಈ ಪುಟವನ್ನು ಏಳನೇ ತರಗತಿಯ 25 ಮಕ್ಕಳಿಗೆ ತೋರಿಸಿದರು. ಇವರು ಸಾಮಾನ್ಯ ಮಕ್ಕಳಲ್ಲ, ಇಂಟರ್‌ನೆಟ್‌ನಲ್ಲಿ ಓದುವುದರಲ್ಲಿ ತಮ್ಮ ಶಾಲೆಗಳಲ್ಲೇ ಮುಂದಿದ್ದವರು. ಆದರೂ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಈ ಪುಟ ತುಂಬಾ ನಂಬಲರ್ಹ ಎಂದರು. ಇದು ಸುಳ್ಳು ಎಂದು ತಿಳಿಸಿದ ಮೇಲೂ ಕೆಲವರು ಒಪ್ಪಲಿಲ್ಲ. ಸುಮಾರು ಹತ್ತು ವರ್ಷಗಳ ನಂತರ ನೆದರ್ಲೆಂಡ್ಸ್‌ನ ಶಾಲಾ ಮಕ್ಕಳಿಗೆ ಅದೇ ಪುಟ ತೋರಿಸಿದಾಗಲೂ ಬಹುಪಾಲು ಮಕ್ಕಳಿಗೆ ಮೋಸ ತಿಳಿಯಲಿಲ್ಲ.

ಇದರಲ್ಲಿ ಮಕ್ಕಳ ದಡ್ಡತನವೇನೂ ಇಲ್ಲ. ಚೆಂದದ ಚಿತ್ರ, ಲ್ಯಾಟಿನ್ ಹೆಸರು, ಅಚ್ಚುಕಟ್ಟಾದ ಪುಟ ಇವೆಲ್ಲ ನಿಜದ ಗುರುತುಗಳು ಎಂದು ಅವರು ಅಂದುಕೊಂಡಿದ್ದರು. ದೊಡ್ಡವರಾದ ನಾವೂ ಬಹಳ ಸಲ ಹಾಗೇ ಅಂದುಕೊಳ್ಳುತ್ತೇವೆ.

ಹಂತ 1: ಪುಟದಿಂದ ಹೊರಗೆ ಬನ್ನಿ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಇದ್ದವರು 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಶೋಧಕರು (ಸುದ್ದಿ ನಿಜವೋ ಸುಳ್ಳೋ ಎಂದು ಪರೀಕ್ಷಿಸುವವರು) ಮತ್ತು ಸ್ಟ್ಯಾನ್‌ಫರ್ಡ್‌ನ 25 ಪದವಿ ವಿದ್ಯಾರ್ಥಿಗಳು. ಒಂದೇ ರೀತಿಯ ಹೆಸರಿನ ಎರಡು ಮಕ್ಕಳ ವೈದ್ಯರ ಸಂಘಗಳ ವೆಬ್‌ಸೈಟ್ ತೋರಿಸಿ, ಯಾವುದು ಹೆಚ್ಚು ನಂಬಲರ್ಹ ಎಂದು ಕೇಳಲಾಯಿತು. ಒಂದು 1930ರಿಂದ ಇರುವ, ಹತ್ತಾರು ಸಾವಿರ ವೈದ್ಯರ ಸಂಘ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಬಂದ ಚಿಕ್ಕ ಗುಂಪು. ಸತ್ಯಶೋಧಕರೆಲ್ಲರೂ ದೊಡ್ಡ ಸಂಘವನ್ನೇ ಗುರುತಿಸಿದರು. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಚಿಕ್ಕ ಗುಂಪನ್ನು ಆರಿಸಿದರು. ಇತಿಹಾಸಕಾರರಲ್ಲೂ ಹಲವರು ಎಡವಿದರು.

ಸತ್ಯಶೋಧಕರ ಗುಟ್ಟು ಏನು? ಅವರು ಆ ಪುಟಗಳನ್ನು ಹೆಚ್ಚು ಓದಲೇ ಇಲ್ಲ. ಪುಟ ತೆರೆದ ಸ್ವಲ್ಪ ಹೊತ್ತಿನಲ್ಲೇ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ಎಂದು ಹುಡುಕಿದರು. ಉಳಿದವರು ಅದೇ ಪುಟದ ಮೇಲಿಂದ ಕೆಳಗೆ ಓದುತ್ತಾ, ವಿನ್ಯಾಸ ನೋಡುತ್ತಾ ಕುಳಿತರು.

ಇದು ನಮಗೆ ಹೊಸದಲ್ಲ. ಹೆಣ್ಣು ಕೊಡುವ ಮನೆಯವರು ಗಂಡಿನ ಬಗ್ಗೆ ಗಂಡಿನ ಮನೆಯವರನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ, ಅಕ್ಕಪಕ್ಕದವರನ್ನೂ ವಿಚಾರಿಸುತ್ತಾರೆ. ವೆಬ್‌ಸೈಟ್‌ಗೂ ಅದೇ ಕ್ರಮ. "ನಮ್ಮ ಬಗ್ಗೆ" ಎಂಬ ಪುಟದಲ್ಲಿ ಯಾರೂ ತಮ್ಮನ್ನು ತಾವೇ ಬೈದುಕೊಂಡಿರುವುದಿಲ್ಲ.

ಹುಡುಕಬೇಕಾದ್ದು ಮೂರು ಸಂಗತಿ. ಇದನ್ನು ಮಾಡಿದವರು ಯಾರು? ಆ ವಿಷಯದಲ್ಲಿ ಅವರಿಗೆ ತಿಳಿವಳಿಕೆ ಇದೆಯೇ? ನಡೆಸಲು ಹಣ ಎಲ್ಲಿಂದ ಬರುತ್ತದೆ: ವಿಶ್ವವಿದ್ಯಾಲಯದಿಂದಲೇ, ದಾನಿಗಳಿಂದಲೇ, ಜಾಹೀರಾತಿನಿಂದಲೇ ಅಥವಾ ಮುಂದೆ ಮಾರಲಿರುವ ಕೋರ್ಸ್‌ನಿಂದಲೇ? ಹಣ ಮಾಡುವುದು ತಪ್ಪಲ್ಲ. ಆದರೆ ಎರಡು ಪಾಠ ಉಚಿತವಾಗಿ ಕೊಟ್ಟು ಮೂರನೆಯದಕ್ಕೆ ಪೋಷಕರ ಫೋನ್ ನಂಬರ್ ಕೇಳುವ ಜಾಲತಾಣ ಮಾರಾಟದ ಅಂಗಡಿಯೇ.

ಹಂತ 2: ಉತ್ತರ ಗೊತ್ತಿರುವ ಪ್ರಶ್ನೆಗಳಿಂದ ಒರೆಗೆ ಹಚ್ಚಿ

ಅಕ್ಕಸಾಲಿಗ ಇಡೀ ಒಡವೆಯನ್ನು ಕರಗಿಸಿ ನೋಡುವುದಿಲ್ಲ, ಒರೆಗಲ್ಲಿನ ಮೇಲೆ ಒಂದು ಗೆರೆ ಎಳೆಯುತ್ತಾನೆ. ನಾವೂ ಸಾವಿರ ಪುಟ ಓದಬೇಕಿಲ್ಲ. ಬಹಳ ಜನ ತಪ್ಪು ಮಾಡುವ ಕೆಲವು ವಿಷಯಗಳನ್ನು ಹುಡುಕಿ ನೋಡಿದರೆ ಸಾಕು. ವಿಜ್ಞಾನದ ವೆಬ್‌ಸೈಟ್‌ಗೆ ಈ ಮೂರು ಒರೆಗಲ್ಲುಗಳು ಚೆನ್ನಾಗಿ ಕೆಲಸ ಮಾಡುತ್ತವೆ.

*ನಾಲಿಗೆಯ ನಕ್ಷೆ.* ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ, ಅಂಚುಗಳಿಗೆ ಉಪ್ಪು ಮತ್ತು ಹುಳಿ ಎಂದು ಬಣ್ಣ ಹಚ್ಚಿ ತೋರಿಸುವ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಇದು ತಪ್ಪು. 1901ರಲ್ಲಿ ಜರ್ಮನಿಯ ಹೆನಿಗ್ ಎಂಬ ವಿಜ್ಞಾನಿ ನಾಲಿಗೆಯ ಬೇರೆ ಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ಸಣ್ಣ ವ್ಯತ್ಯಾಸವನ್ನಷ್ಟೇ ಕಂಡಿದ್ದರು. 1942ರಲ್ಲಿ ಎಡ್ವಿನ್ ಬೋರಿಂಗ್ ಬರೆದ ಪುಸ್ತಕದ ರೇಖಾಚಿತ್ರದಿಂದ ಆ ವ್ಯತ್ಯಾಸ ಬಹಳ ದೊಡ್ಡದು ಎಂಬ ಭಾವನೆ ಹರಡಿತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು, ವ್ಯತ್ಯಾಸ ತೀರಾ ಅಲ್ಪ ಎಂದು ತೋರಿಸಿದರು. ನೀವೇ ನಾಲಿಗೆಯ ತುದಿಗೆ ಒಂದು ಹರಳು ಉಪ್ಪು ಇಟ್ಟು ನೋಡಿ, ಉಪ್ಪೇ ತಿಳಿಯುತ್ತದೆ! ಇವತ್ತಿಗೂ ಈ ನಕ್ಷೆ ತೋರಿಸುವ ಜಾಲತಾಣದ ಪಾಠಗಳನ್ನು ಯಾರೂ ಪರಿಶೀಲಿಸಿಲ್ಲ ಎಂದೇ ಅರ್ಥ.

*ಬೇಸಿಗೆ ಏಕೆ ಬರುತ್ತದೆ?* ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಜನವರಿಯಲ್ಲಿ ನಾವು ಸ್ವೆಟರ್ ಹಾಕಿಕೊಂಡಿರುತ್ತೇವೆ. ಋತುಗಳಿಗೆ ಕಾರಣ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದು. ದೂರದ ಈ ಸಣ್ಣ ಏರಿಳಿತ ಕಾರಣವಲ್ಲ.

*ಪುಟ ಎಷ್ಟು ಹಳೆಯದು?* ಸೌರಮಂಡಲದಲ್ಲಿ ಒಂಬತ್ತು ಗ್ರಹ ಎಂದಿದ್ದರೆ ಆ ಪುಟವನ್ನು 2006ರ ಆಗಸ್ಟ್‌ನಿಂದ ಈಚೆಗೆ ಯಾರೂ ಮುಟ್ಟಿಲ್ಲ. ಪ್ಲೂಟೊ ಕುಬ್ಜಗ್ರಹಗಳ ಪಟ್ಟಿಗೆ ಸೇರಿದ್ದು ಆಗ. ಸಮಾಜ ವಿಜ್ಞಾನದ ಪುಟವಾದರೆ ಕರ್ನಾಟಕದ ಜಿಲ್ಲೆಗಳನ್ನು ಎಣಿಸಿ. 2021ರಲ್ಲಿ ವಿಜಯನಗರ ಜಿಲ್ಲೆ ಸೇರಿ 31 ಆದವು. ದೇಶದಲ್ಲಿ ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ.

ಒಂದು ತಪ್ಪು ಸಿಕ್ಕ ಮಾತ್ರಕ್ಕೆ ಇಡೀ ಜಾಲತಾಣವನ್ನು ಎಸೆಯಬೇಕೇ? ಬೇಡ. ತಪ್ಪು ತಿಳಿಸಲು ದಾರಿ ಇದೆಯೇ, ಹಳೆಯ ಪುಟಗಳನ್ನು ತಿದ್ದಿದ ದಿನಾಂಕ ಇದೆಯೇ ನೋಡಿ. ತಪ್ಪು ತಿದ್ದಿಕೊಳ್ಳುವ ಜಾಲತಾಣ ಬೆಳೆಯುತ್ತದೆ. ಮೂರಕ್ಕೆ ಮೂರೂ ತಪ್ಪಾಗಿದ್ದರೆ ಮಾತ್ರ ಇನ್ನು ಹೊತ್ತು ಕಳೆಯುವುದು ಬೇಡ.

ಹಂತ 3: ಕನ್ನಡವನ್ನು ಓದಿ ನೋಡಿ

"ಕನ್ನಡದಲ್ಲೂ ಲಭ್ಯ" ಎಂಬ ಸಾಲು ಕಂಡರೆ ಖುಷಿಯಾಗುತ್ತದೆ. ಆದರೆ ಎಷ್ಟೋ ಕಡೆ ಅದು ಯಂತ್ರ ಮಾಡಿದ ಅನುವಾದ, ಯಾರೂ ಓದಿ ತಿದ್ದಿರುವುದಿಲ್ಲ. ಪತ್ತೆ ಹಚ್ಚುವುದು ಸುಲಭ. ಇಂಗ್ಲಿಷಿನಲ್ಲಿ ಎರಡು ಅರ್ಥವಿರುವ ಪದಗಳು ಕನ್ನಡದಲ್ಲಿ ಏನಾಗಿವೆ ನೋಡಿ. ವಿದ್ಯುತ್ ಪಾಠದ "ಕರೆಂಟ್" ಎಂಬುದು "ಪ್ರಸ್ತುತ" ಆಗಿದೆಯೇ? ಟಾರ್ಚಿನ "ಸೆಲ್" ಹೋಗಿ "ಜೀವಕೋಶ" ಬಂದಿದೆಯೇ? ಗಣಿತದ ವರ್ಗಮೂಲ "ಚದರ ಬೇರು" ಆಗಿದೆಯೇ? ಮಗ್ಗಿಯ "ಟೇಬಲ್" ಊಟದ "ಮೇಜು" ಆಗಿದೆಯೇ?

ನಗು ಬರುತ್ತದೆ. ಆದರೆ ಐದನೇ ತರಗತಿಯ ಮಗು ನಗುವುದಿಲ್ಲ, ತನಗೇ ಅರ್ಥವಾಗುತ್ತಿಲ್ಲ ಎಂದುಕೊಳ್ಳುತ್ತದೆ. ಪದಗಳು ನಿಮ್ಮ ಪಠ್ಯಪುಸ್ತಕದ ಪದಗಳಿಗೆ ಹೊಂದಬೇಕು. ಪುಸ್ತಕದಲ್ಲಿ "ದ್ಯುತಿಸಂಶ್ಲೇಷಣೆ" ಎಂದಿದ್ದು ಪರದೆಯ ಮೇಲೆ "ಫೋಟೋ ಸಂಶ್ಲೇಷಣೆ" ಎಂದು ಬಂದರೆ ಮಗುವಿಗೆ ಇವೆರಡೂ ಬೇರೆ ಬೇರೆ ಸಂಗತಿಗಳು.

ಹೊರದೇಶದ ಜಾಲತಾಣಗಳಲ್ಲಿ ಇನ್ನೂ ಎರಡು ವಿಷಯ ನೋಡಬೇಕು. ಋತುಗಳ ಪಾಠದಲ್ಲಿ ಹಿಮ, ಎಲೆ ಉದುರುವ ಮೇಪಲ್ ಮರ ಎಲ್ಲ ಇದ್ದು ಮಳೆಗಾಲವೇ ಇಲ್ಲದಿದ್ದರೆ ಮಗು ತನ್ನ ಕಿಟಕಿಯಾಚೆ ಕಾಣುವುದನ್ನು ಪಾಠಕ್ಕೆ ಜೋಡಿಸಲಾರದು. ಭಾರತದ ನಕ್ಷೆಯಲ್ಲಿ ಗಡಿ ಹೇಗೆ ತೋರಿಸಿದ್ದಾರೆ ಎಂಬುದನ್ನೂ ಗಮನಿಸಿ. ತರಗತಿಯಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯನ್ನೇ ಬಳಸಿ.

ಹಂತ 4: ಮಗುವಿನ ಜಾಗದಲ್ಲಿ ಕುಳಿತುಕೊಳ್ಳಿ

ಈಗ ಟೀಚರ್ ಎಂಬುದನ್ನು ಮರೆತು ಹತ್ತು ನಿಮಿಷ ಆಡಿ ನೋಡಿ. ಮುಖ್ಯವಾಗಿ, ಬೇಕೆಂದೇ ತಪ್ಪು ಉತ್ತರ ಕೊಡಿ. ಆಗ ಏನಾಗುತ್ತದೆ? ಬರೀ ಕೆಂಪು ಗುರುತು ಮತ್ತು ಕರ್ಕಶ ಶಬ್ದ ಬಂದರೆ ಅದು ಪರೀಕ್ಷೆ ಮಾತ್ರ. ಎಲ್ಲಿ ತಪ್ಪಾಯಿತು ಎಂದು ತೋರಿಸಿದರೆ ಅದು ಪಾಠ. ನಾಲ್ಕು ಗುಂಡಿಗಳನ್ನೂ ಒಂದೊಂದಾಗಿ ಒತ್ತಿ ಸರಿಯುತ್ತರಕ್ಕೆ ನಕ್ಷತ್ರ ಗಳಿಸಬಹುದಾದರೆ ಮಗು ಕಲಿಯುವುದು ಗುಂಡಿ ಒತ್ತುವುದನ್ನು.

ಒಳ್ಳೆಯ ಉದಾಹರಣೆಗೆ ಫೆಟ್ ನೋಡಿ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಇದು. ಇದರ ವಿದ್ಯುನ್ಮಂಡಲದ ಪ್ರಯೋಗದಲ್ಲಿ ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತದೆ. ಯಾರೂ ಬೈಯುವುದಿಲ್ಲ, ಆದರೆ ಮಗುವಿಗೆ ಶಾರ್ಟ್ ಸರ್ಕ್ಯೂಟ್ ಎಂದರೇನು ಎಂದು ತಿಳಿಯುತ್ತದೆ. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಡೌನ್‌ಲೋಡ್ ಮಾಡಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. ಕರೆಂಟೂ ನೆಟ್‌ವರ್ಕೂ ಹೋಗಿಬರುವ ಶಾಲೆಗೆ ಇದು ದೊಡ್ಡ ಅನುಕೂಲ.

ಹಾಗೆಯೇ, ಹಳೆಯ ಫೋನ್‌ನಲ್ಲಿ ತೆರೆಯುತ್ತದೆಯೇ, ಹಿಂದಿನ ಬೆಂಚಿನಿಂದ ಅಕ್ಷರ ಕಾಣುತ್ತದೆಯೇ, ಪಾಠದ ಮಧ್ಯೆ ಜಾಹೀರಾತು ಬರುತ್ತದೆಯೇ ಎಂದು ಶಾಲೆಯಲ್ಲೇ ಪರೀಕ್ಷಿಸಿ. ಮನೆಯ ವೈಫೈನಲ್ಲಿ ಚೆನ್ನಾಗಿ ಓಡಿದ್ದು ಶಾಲೆಯಲ್ಲಿ ಗಿರಗಿರ ತಿರುಗುತ್ತಾ ನಿಂತರೆ ನಲವತ್ತು ನಿಮಿಷದ ಪಿರಿಯಡ್ ಮುಗಿದೇಹೋಗುತ್ತದೆ.

ಹಂತ 5: ಮಗುವಿನಿಂದ ಏನು ಕೇಳುತ್ತದೆ?

ಗುಣಾಕಾರ ಕಲಿಸಲು ಮಗುವಿನ ಹುಟ್ಟಿದ ದಿನಾಂಕ, ಫೋಟೋ, ಅಪ್ಪನ ಮೊಬೈಲ್ ನಂಬರ್, ಇರುವ ಜಾಗದ ಮಾಹಿತಿ ಏಕೆ ಬೇಕು? ಕೇಳಿದರೆ ಏಕೆ ಎಂದು ನಾವೂ ಕೇಳಬೇಕು.

ಇದು ಅತಿಯಾದ ಅನುಮಾನವಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿ, ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ ಕಲಿಕೆಯ ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ಪರಿಶೀಲಿಸಿತ್ತು. ಹತ್ತರಲ್ಲಿ ಸುಮಾರು ಒಂಬತ್ತು, ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವ ಅಥವಾ ಅಪಾಯ ಒಡ್ಡುವ ರೀತಿಯಲ್ಲಿ ಮಾಹಿತಿ ಸಂಗ್ರಹಿಸುತ್ತಿದ್ದವು. ಅಂದರೆ ಸರ್ಕಾರಿ ಶಿಫಾರಸು ಇದ್ದರೂ ಪರೀಕ್ಷೆ ಬಿಡುವಂತಿಲ್ಲ.

ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳು. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಚಟುವಟಿಕೆಯ ಬೆನ್ನುಹತ್ತಿ ಅವರಿಗೆಂದೇ ಜಾಹೀರಾತು ತೋರಿಸುವುದಕ್ಕೂ ಕಾಯ್ದೆ ತಡೆ ಹಾಕುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಯಾಗುತ್ತವೆ.

ಸುಲಭ ಉಪಾಯ: ಲಾಗಿನ್ ಇಲ್ಲದೆ ಬಳಸಬಹುದಾದದ್ದನ್ನೇ ಮೊದಲು ಆರಿಸಿ. ಬೇಕೇಬೇಕಾದರೆ ಟೀಚರ್ ಒಬ್ಬರೇ ಲಾಗಿನ್ ಆಗಿ ಪ್ರೊಜೆಕ್ಟರ್‌ನಲ್ಲಿ ತೋರಿಸಿ. ಮಕ್ಕಳ ಹೆಸರಿನ ಪಟ್ಟಿಯನ್ನು ಅಪ್‌ಲೋಡ್ ಮಾಡಬೇಡಿ.

ನಂಬಿಕೆ ಮತ್ತು ವಾಸ್ತವ

*"ಬೀಗದ ಗುರುತು ಇದೆ, ಸುರಕ್ಷಿತ."*
ಬೀಗ ಹೇಳುವುದು ನಿಮ್ಮ ಫೋನ್ ಮತ್ತು ಆ ವೆಬ್‌ಸೈಟ್ ನಡುವಿನ ಮಾತು ಮೂರನೆಯವರಿಗೆ ಕೇಳುವುದಿಲ್ಲ ಎಂದಷ್ಟೇ. ಲಕೋಟೆಗೆ ಅಂಟು ಹಚ್ಚಿದ್ದಾರೆ ಎಂದ ಮಾತ್ರಕ್ಕೆ ಒಳಗಿನ ಕಾಗದ ನಿಜ ಹೇಳುತ್ತದೆ ಎಂದಲ್ಲ. ಈ ಗೊಂದಲದಿಂದಾಗಿಯೇ ಗೂಗಲ್ ಕ್ರೋಮ್ 2023ರಲ್ಲಿ ಬೀಗದ ಚಿತ್ರ ಕೈಬಿಟ್ಟಿತು.

*"ವಿಳಾಸದ ಕೊನೆಯಲ್ಲಿ ಡಾಟ್ ಓಆರ್‌ಜಿ ಇದೆ, ಸೇವಾ ಸಂಸ್ಥೆ ಇರಬೇಕು."*
ಡಾಟ್ ಓಆರ್‌ಜಿ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ನಮ್ಮಲ್ಲಿ ಜಿಓವಿ ಡಾಟ್ ಇನ್ ಸರ್ಕಾರಕ್ಕೆ, ಎಸಿ ಡಾಟ್ ಇನ್ ಮತ್ತು ಇಡಿಯು ಡಾಟ್ ಇನ್ ಶಿಕ್ಷಣ ಸಂಸ್ಥೆಗಳಿಗೆ ಮೀಸಲು. ಇವು ಯಾರ ಮನೆ ಎಂದು ಹೇಳುತ್ತವೆ, ಒಳಗಿನ ಪಾಠ ಸರಿಯೇ ಎಂದು ಹೇಳುವುದಿಲ್ಲ.

*"ಯುನೆಸ್ಕೊ ಒಪ್ಪಿದೆ ಎಂದು ಬರೆದಿದ್ದಾರೆ."*
ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಅತ್ಯುತ್ತಮ ಎಂದು ಯುನೆಸ್ಕೊ ಘೋಷಿಸಿದೆ ಎಂಬ ಫಾರ್ವರ್ಡ್ ನೆನಪಿದೆಯೇ? ಯುನೆಸ್ಕೊ ಅಂಥ ಘೋಷಣೆ ಮಾಡಿಯೇ ಇಲ್ಲ. ದೊಡ್ಡ ಹೆಸರು ಕಂಡರೆ ಆ ದೊಡ್ಡವರ ಸ್ವಂತ ವೆಬ್‌ಸೈಟ್‌ನಲ್ಲೇ ಹುಡುಕಿ.

*"ಲಕ್ಷಾಂತರ ಮಕ್ಕಳು ಬಳಸುತ್ತಿದ್ದಾರೆ."*
ಜನಪ್ರಿಯತೆ ಜನಪ್ರಿಯತೆಯಷ್ಟೇ. ಮರ ಹತ್ತುವ ಆಕ್ಟೋಪಸ್ ಕೂಡ ಬಹಳ ಜನಪ್ರಿಯ.

ಎಲ್ಲಿಂದ ಶುರು ಮಾಡಬಹುದು?

ಫೆಟ್ ಜೊತೆಗೆ ಇನ್ನೂ ಮೂರು ಹೆಸರು ಹೇಳುತ್ತೇವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕತೆಗಳಿವೆ. ಮುಕ್ತ ಪರವಾನಗಿ ಇರುವುದರಿಂದ ಡೌನ್‌ಲೋಡ್ ಮಾಡಿ ಮುದ್ರಿಸಲೂಬಹುದು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ನಮ್ಮ ಪಠ್ಯಕ್ರಮಕ್ಕೆ ಹೊಂದುವ ಶಿಕ್ಷಕರ ಸಾಮಗ್ರಿ ಇದೆ. ವಿಜ್ಞಾನ ಪ್ರಚಾರಕ ಅರವಿಂದ್ ಗುಪ್ತಾ ಅವರ ತಾಣದಲ್ಲಿ ಬೆಂಕಿಪೊಟ್ಟಣ, ಸ್ಟ್ರಾಗಳಿಂದ ಮಾಡುವ ವಿಜ್ಞಾನದ ಆಟಿಕೆಗಳಿವೆ. ಪರದೆ ಆರಿಸಿದ ಮೇಲೂ ಕೈಗೆ ಕೆಲಸ ಕೊಡುವ ಪಾಠಗಳು ಇವು. ನಾವು ಹೇಳಿದೆವು ಎಂದು ಇವನ್ನೂ ಹಾಗೇ ನಂಬಬೇಡಿ. ಮೇಲಿನ ಐದೂ ಹಂತಗಳಲ್ಲಿ ಪರೀಕ್ಷಿಸಿಯೇ ತರಗತಿಗೆ ತನ್ನಿ.

ಮಕ್ಕಳಿಗೂ ಕಲಿಸಿ

ಕೊನೆಗೆ, ಈ ಪರೀಕ್ಷೆಯನ್ನೇ ಒಂದು ಪಾಠ ಮಾಡಬಹುದು. ಏಳೆಂಟನೇ ತರಗತಿಯವರಿಗೆ ಮರದ ಆಕ್ಟೋಪಸ್‌ನ ಕತೆಯನ್ನು ನಿಜವೆಂಬಂತೆ ಹೇಳಿ, ನಂಬುತ್ತೀರಾ ಎಂದು ಕೇಳಿ. ಆಮೇಲೆ "ಆಕ್ಟೋಪಸ್ ಉಸಿರಾಡುವುದು ಹೇಗೆ?" ಎಂಬ ಒಂದೇ ಪ್ರಶ್ನೆ ಕೊಟ್ಟು ಹುಡುಕಲು ಬಿಡಿ. ಮೋಸವನ್ನು ತಾವೇ ಪತ್ತೆ ಮಾಡಿದ ಮಕ್ಕಳು ಅದನ್ನು ಬೇಗ ಮರೆಯುವುದಿಲ್ಲ. ಪಿರಿಯಡ್ ಮುಗಿಯುವ ಮೊದಲು ಮಾತ್ರ ಅದು ಕಟ್ಟುಕತೆ ಎಂದು ಎಲ್ಲರಿಗೂ ಸ್ಪಷ್ಟವಾಗಿ ಹೇಳಿಬಿಡಿ.

ಮುಂದಿನ ಸಲ "ಎಲ್ಲಾ ಶಿಕ್ಷಕರಿಗೂ ಕಳುಹಿಸಿ" ಎಂಬ ಲಿಂಕ್ ಬಂದಾಗ ಈ ಐದು ಪ್ರಶ್ನೆ ಕೇಳಿಕೊಳ್ಳಿ: ಮಾಡಿದವರು ಯಾರು? ನನಗೆ ಗೊತ್ತಿರುವುದನ್ನು ಇದು ಸರಿಯಾಗಿ ಹೇಳುತ್ತಿದೆಯೇ? ಕನ್ನಡ ನಮ್ಮ ಮಕ್ಕಳಿಗೆ ಅರ್ಥವಾಗುತ್ತದೆಯೇ? ತಪ್ಪು ಮಾಡಿದ ಮಗುವಿಗೆ ಇದು ಏನು ಕಲಿಸುತ್ತದೆ? ಮಗುವಿನಿಂದ ಏನು ಕೇಳುತ್ತಿದೆ? ಐದಕ್ಕೂ ಉತ್ತರ ಸಿಕ್ಕ ಮೇಲೆ ಕಳುಹಿಸಿ. ಕಳುಹಿಸುವಾಗ "ನಾನು ಬಳಸಿ ನೋಡಿದ್ದೇನೆ, ಇದು ಚೆನ್ನಾಗಿದೆ, ಇದು ಸರಿಯಿಲ್ಲ" ಎಂದು ಎರಡು ಸಾಲು ಸೇರಿಸಿ. ಬರೀ ಲಿಂಕ್‌ಗಿಂತ ಆ ಎರಡು ಸಾಲು ಇನ್ನೊಬ್ಬ ಟೀಚರ್‌ಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.